ನಿಮ್ಮ ಆಟಕ್ಕೆ ಒಪ್ಪುವ ದಾಂಡು

ಕಳೆದ ಸುಗ್ಗಿಯ ತರುವಾಯ ಕಂಪ್ಲಿಯ ಕಡೆಯ ಹಳ್ಳಿಯೊಂದರಿಂದ ಹೊಸಪೇಟೆಗೆ ಓದಲು ಬರುವ ವಿದ್ಯಾರ್ಥಿಯೊಬ್ಬನು ನಮ್ಮ ಭೌತಶಾಸ್ತ್ರದ ಪ್ರಯೋಗಶಾಲೆಗೆ ಒಂದು ಕ್ರಿಕೆಟ್ ದಾಂಡನ್ನು ಹೊತ್ತು ತಂದನು. ರಜೆಯಲ್ಲಿ ಕಬ್ಬು ಕಡಿಯುವ ಕೂಲಿಗೆ ಹೋಗಿ ಕೂಡಿಟ್ಟ ಹಣದಿಂದ ಕೊಂಡುದು ಅದು. ಅಂಗಡಿಯಲ್ಲಿದ್ದವುಗಳಲ್ಲೆಲ್ಲ ಭಾರವಾದುದನ್ನೇ ಆರಿಸಿದ್ದನು. ಸಾಲದೆಂದು, ತುದಿ ಸೀಳದಿರಲೆಂದು ಅಲಗಿನ ಕೆಳಭಾಗಕ್ಕೆ ಸುತ್ತು ಮೇಲೆ ಸುತ್ತು ಅಂಟುಪಟ್ಟಿಯನ್ನೂ ಬಿಗಿದಿದ್ದನು. “ಹಳೆಯ ದಾಂಡಿನಲ್ಲಿ ಹೊಡೆಯುತ್ತಿದ್ದ ಚೆಂಡು ಇದರಲ್ಲಿ ಸಿಕ್ಕುವುದೇ ಇಲ್ಲ, ಸಿಕ್ಕಿದರೂ ಕೈ ಜುಮ್ಮೆನ್ನುತ್ತದೆ” ಎಂಬುದು ಅವನ ದೂರು. ಕಾಲೇಜು ತಂಡದ ಆಯ್ಕೆಗೆ ಎರಡು ವಾರ ಉಳಿದಿತ್ತು. ಇನ್ನೊಂದು ದಾಂಡನ್ನು ಕೊಳ್ಳಲು ಹಣವಿರಲಿಲ್ಲ.

ಅವನ ತಪ್ಪನ್ನು ನಾವು ನಗುವಂತಿರಲಿಲ್ಲ. ವಿದ್ಯಾರ್ಥಿದೆಸೆಯಲ್ಲಿ ನಾವೂ ಇದೇ ತಪ್ಪನ್ನು ಮಾಡಿ, ಅಂತರ ಕಾಲೇಜು ಪಂದ್ಯವೊಂದರಲ್ಲಿ ದಾಂಡು ಕೆಳಗಿಳಿಯುವ ಮೊದಲೇ ವಿಕೆಟ್ಟು ಉರುಳಿದ ಸದ್ದನ್ನು ಕೇಳಿದವರು. ಭಾರವಾದ ದಾಂಡು ಬಲವಾದ ದಾಂಡು ಎಂಬ ನಂಬಿಕೆ ಅಷ್ಟು ಸಹಜವಾದುದು. ಅದು ಎಷ್ಟರಮಟ್ಟಿಗೆ ನಿಜ, ಎಲ್ಲಿ ಸುಳ್ಳು ಎಂಬುದನ್ನು ಒಂದು ಸೈಕಲ್ಲಿನ ಕಡ್ಡಿ, ಒಂದು ಅಳತೆಪಟ್ಟಿ ಮತ್ತು ಒಂದು ಗಡಿಯಾರದಿಂದ ಕಂಡುಕೊಳ್ಳಬಹುದು. ಅದನ್ನೇ ಇಲ್ಲಿ ವಿವರಿಸುತ್ತೇವೆ.

ಮೊದಲು ನಿಯಮವೇನೆಂಬುದನ್ನು ನೋಡೋಣ. 1771ರಲ್ಲಿ ಇಂಗ್ಲೆಂಡಿನ ಥಾಮಸ್ ವೈಟ್ ಎಂಬ ಆಟಗಾರನು ವಿಕೆಟ್ಟನ್ನೇ ಮರೆಮಾಡುವಷ್ಟು ಅಗಲವಾದ ದಾಂಡನ್ನು ಹಿಡಿದು ಆಡಲು ಬಂದನು. ಎದುರಾಳಿಗಳಾದ ಹ್ಯಾಂಬಲ್ಡನ್ ತಂಡದವರು ಪ್ರತಿಭಟಿಸಿದರು. ನಾಲ್ಕೂಕಾಲು ಅಂಗುಲಕ್ಕಿಂತ ಅಗಲವಿರಕೂಡದೆಂಬ ಕಟ್ಟಳೆ ಅಂದು ಹುಟ್ಟಿ ಇಂದಿಗೂ ಉಳಿದಿದೆ. 1979ರಲ್ಲಿ ಆಸ್ಟ್ರೇಲಿಯದ ಡೆನ್ನಿಸ್ ಲಿಲ್ಲಿ ಪರ್ತ್ ನಗರದಲ್ಲಿ ಅಲ್ಯೂಮಿನಿಯಮ್ಮಿನ ದಾಂಡನ್ನು ತಂದು ಗದ್ದಲವೆಬ್ಬಿಸಿದ ಮೇಲೆ ಅಲಗು ಮರದ್ದೇ ಆಗಿರತಕ್ಕದ್ದೆಂದು ನಿಯಮವಾಯಿತು. ಈಗ ಉದ್ದ 96.52 ಸೆಂಟಿಮೀಟರಿಗೂ ಅಗಲ 10.8 ಸೆಂಟಿಮೀಟರಿಗೂ ಮೀರಬಾರದು. 2017ರಿಂದ ದಪ್ಪಕ್ಕೂ ಮಿತಿ ಬಂದಿದೆ: ಬೆನ್ನಿನಲ್ಲಿ 6.7 ಸೆಂಟಿಮೀಟರು, ಅಂಚಿನಲ್ಲಿ 4 ಸೆಂಟಿಮೀಟರು. ಆದರೆ ತೂಕಕ್ಕೆ ಮಾತ್ರ ಯಾವ ಮಿತಿಯೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಸಚಿನ್ ತೆಂಡೂಲ್ಕರರು ಮೂರು ಪೌಂಡಿಗೂ ಮಿಗಿಲಾದ ದಾಂಡನ್ನು ಹಿಡಿದು ಆಡಿದರೆಂದು ಕೇಳಿ ನಮ್ಮ ಹುಡುಗರು ಅಂಗಡಿಯಲ್ಲಿ ಭಾರವನ್ನೇ ಹುಡುಕುತ್ತಾರೆ. ತೆಂಡೂಲ್ಕರರ ಮುಂಗೈಯನ್ನು ಅಂಗಡಿಯಲ್ಲಿ ಮಾರುವುದಿಲ್ಲವೆಂಬುದನ್ನು ಮರೆಯುತ್ತಾರೆ.

ತೂಕ ಎಂಬುದು ಇಲ್ಲಿ ಅರ್ಧ ಮಾತು. ಒಂದು ಕೊಡಲಿಯನ್ನು ಕಾವಿನ ತುದಿಯಲ್ಲಿ ಹಿಡಿದು ಅತ್ತಿತ್ತ ಬೀಸಿ ನೋಡಿರಿ. ಬಳಿಕ ಅದನ್ನೇ ತಿರುಗಿಸಿ, ಕಬ್ಬಿಣದ ಬುಡವನ್ನು ಹಿಡಿದು ಕಾವನ್ನು ಬೀಸಿರಿ. ಕೊಡಲಿ ಅದೇ, ತೂಕವೂ ಅದೇ. ಆದರೆ ಎರಡನೆಯ ಸಲ ಅದು ಕಡ್ಡಿಯಂತೆ ಹಗುರವಾಗಿ ತಿರುಗುತ್ತದೆ. ನೇರವಾಗಿ ತಳ್ಳುವಾಗ ವಸ್ತುವು ತೋರುವ ವಿರೋಧವು ಅದರ ದ್ರವ್ಯರಾಶಿಯನ್ನು ಮಾತ್ರ ಅವಲಂಬಿಸುತ್ತದೆ. ತಿರುಗಿಸುವಾಗಲಾದರೋ, ಆ ದ್ರವ್ಯವು ತಿರುಗುವ ಅಕ್ಷದಿಂದ ಎಷ್ಟು ದೂರದಲ್ಲಿ ಹರಡಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅದೂ ದೂರದ ವರ್ಗದ ಪ್ರಮಾಣದಲ್ಲಿ. ಈ ತಿರುಗುವಿಕೆಯ ವಿರೋಧಕ್ಕೆ ಜಡತ್ವ ಭ್ರಾಮಕವೆಂದು ಹೆಸರು. ಆಟಗಾರರು ದಾಂಡನ್ನು ಎತ್ತಿ ನೋಡಿ “ಎತ್ತಲು ಹಗುರವಾಗಿದೆ” ಎನ್ನುವಾಗ ಅವರ ಮುಂಗೈಯು ಅಳೆಯುತ್ತಿರುವುದು ಹೆಚ್ಚಾಗಿ ಇದನ್ನೇ ಹೊರತು ತೂಕವನ್ನಲ್ಲ.

ಇದನ್ನು ಅಂಕಿಯಲ್ಲಿ ಪಡೆಯುವ ಬಗೆ ಹೀಗೆ. ದಾಂಡಿನ ಹಿಡಿಯ ತಲೆಯಿಂದ 15 ಸೆಂಟಿಮೀಟರು ಕೆಳಗೆ, ಎಂದರೆ ಎರಡು ಕೈಗಳ ನಡುವಣ ಸ್ಥಳದಲ್ಲಿ, ಒಂದು ಸೈಕಲ್ ಕಡ್ಡಿಯನ್ನು ಅಡ್ಡಲಾಗಿ ಇಟ್ಟು ರಬ್ಬರ್ ಪಟ್ಟಿಯಿಂದ ಬಿಗಿಯಾಗಿ ಕಟ್ಟಿರಿ. ಕಡ್ಡಿಯ ಎರಡು ತುದಿಗಳನ್ನು ಎರಡು ಮೇಜುಗಳ ಅಂಚಿನ ಮೇಲಿಟ್ಟರೆ ದಾಂಡು ನಡುವೆ ತೂಗಾಡುತ್ತದೆ. ಅದನ್ನು ಸ್ವಲ್ಪವೇ ಸರಿಸಿ ಬಿಟ್ಟು 20 ಪೂರ್ಣ ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಗುರುತುಹಾಕಿಕೊಳ್ಳಿರಿ. ಈಗ ಎಲ್ಲರ ಜೇಬಿನಲ್ಲೂ ಇರುವ ದೂರವಾಣಿಯ ಗಡಿಯಾರವೇ ಇದಕ್ಕೆ ಸಾಕು. ಆದರೆ ಮೂರು ಸಲ ಮಾಡಿ ಸರಾಸರಿ ತೆಗೆಯದೆ ನಂಬಬೇಡಿರಿ. ಕಾಲೇಜಿನಲ್ಲಿ ದಂಡಲೋಲಕದ ಪ್ರಯೋಗ ಮಾಡಿದವರಿಗೆ ಇದು ಅದೇ ಪ್ರಯೋಗವೆಂಬುದು ಹೊಳೆದಿರಬೇಕು. ಅಲ್ಲಿ ಕಬ್ಬಿಣದ ಪಟ್ಟಿ, ಇಲ್ಲಿ ವಿಲ್ಲೋ ಮರ.

ಒಂದು ಆಂದೋಲನದ ಕಾಲವನ್ನು ಸೆಕೆಂಡುಗಳಲ್ಲಿ ತೆಗೆದುಕೊಂಡು, ಅದರ ವರ್ಗವನ್ನು 24.8ರಿಂದ ಗುಣಿಸಿದರೆ ಒಂದು ಉದ್ದವು ಸೆಂಟಿಮೀಟರುಗಳಲ್ಲಿ ದೊರೆಯುತ್ತದೆ. ಅಷ್ಟೇ ಉದ್ದದ ದಾರಕ್ಕೆ ಚಿಕ್ಕ ಗುಂಡನ್ನು ಕಟ್ಟಿ ತೂಗಿಬಿಟ್ಟರೆ ಅದೂ ದಾಂಡಿನ ಜೊತೆಜೊತೆಗೆ, ಅದೇ ಲಯದಲ್ಲಿ ತೂಗುತ್ತದೆ. ಇನ್ನೊಂದು ಅಳತೆ ಬೇಕು: ದಾಂಡನ್ನು ಅಳತೆಪಟ್ಟಿಯ ಅಂಚಿನ ಮೇಲೆ ಅಡ್ಡಲಾಗಿ ನಿಲ್ಲಿಸಿ, ಸಮತೋಲವಾಗುವ ಗುರುತ್ವಕೇಂದ್ರವನ್ನು ಕಂಡುಹಿಡಿದು, ಅದು ಕಡ್ಡಿಯಿಂದ ಎಷ್ಟು ದೂರವೆಂಬುದನ್ನು ಅಳೆಯಿರಿ. ದ್ರವ್ಯರಾಶಿ, ಈ ದೂರ, ಮೇಲೆ ದೊರೆತ ಉದ್ದ, ಈ ಮೂರರ ಗುಣಲಬ್ಧವೇ ಕಡ್ಡಿಯ ಸುತ್ತ ದಾಂಡಿನ ಜಡತ್ವ ಭ್ರಾಮಕ.

ಉದಾಹರಣೆಗೆ 85 ಸೆಂಟಿಮೀಟರು ಉದ್ದದ, 1.2 ಕಿಲೋಗ್ರಾಂ ತೂಗುವ ಎರಡು ದಾಂಡುಗಳಿವೆ ಎಂದಿಟ್ಟುಕೊಳ್ಳೋಣ. ಮೊದಲನೆಯದರ ಗುರುತ್ವಕೇಂದ್ರವು ಕಡ್ಡಿಯಿಂದ 37 ಸೆಂಟಿಮೀಟರು ದೂರದಲ್ಲಿದ್ದು, 20 ಆಂದೋಲನಗಳಿಗೆ 28.8 ಸೆಕೆಂಡು ಹಿಡಿಯಲಿ. ಒಂದಕ್ಕೆ 1.44 ಸೆಕೆಂಡು, ದೊರೆಯುವ ಉದ್ದ 51.4 ಸೆಂಟಿಮೀಟರು. ಜಡತ್ವ ಭ್ರಾಮಕ 1.2 × 0.37 × 0.514, ಅಂದರೆ 0.228 ಕಿಲೋಗ್ರಾಂ-ಮೀಟರ್ ವರ್ಗ. ಎರಡನೆಯದರಲ್ಲಿ ಉಬ್ಬು ಸ್ವಲ್ಪ ಕೆಳಗಿದೆ. ಗುರುತ್ವಕೇಂದ್ರ 39 ಸೆಂಟಿಮೀಟರಿಗೆ ಇಳಿದಿದೆ, 20 ಆಂದೋಲನಗಳಿಗೆ 29.4 ಸೆಕೆಂಡು. ಇದರ ಜಡತ್ವ ಭ್ರಾಮಕ 0.251. ತಕ್ಕಡಿಯು ಎರಡನ್ನೂ ಒಂದೇ ಎನ್ನುತ್ತದೆ. ಮುಂಗೈಗೆ ಎರಡನೆಯದು ನೂರಕ್ಕೆ ಹತ್ತರಷ್ಟು ಹೆಚ್ಚು ಭಾರ.

ಈಗ ನಮ್ಮ ವಿದ್ಯಾರ್ಥಿಯ ಅಂಟುಪಟ್ಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. 50 ಗ್ರಾಂ ಪಟ್ಟಿಯನ್ನು ಕಡ್ಡಿಯಿಂದ 65 ಸೆಂಟಿಮೀಟರು ಕೆಳಗೆ ಸುತ್ತಿದರೆ ತೂಕವು ನೂರಕ್ಕೆ ನಾಲ್ಕರಷ್ಟು ಮಾತ್ರ ಹೆಚ್ಚುತ್ತದೆ. ಆದರೆ 0.05ನ್ನು 0.65ರ ವರ್ಗದಿಂದ ಗುಣಿಸಿ ನೋಡಿರಿ: 0.021. ಮೊದಲನೆಯ ದಾಂಡಿನ ಜಡತ್ವ ಭ್ರಾಮಕದಲ್ಲಿ ಇದು ನೂರಕ್ಕೆ ಒಂಬತ್ತು! ಅದೇ 50 ಗ್ರಾಮನ್ನು ಹಿಡಿಗೆ ಇನ್ನೊಂದು ರಬ್ಬರ್ ತೊಡಿಸಿ ಸೇರಿಸಿದ್ದರೆ, ಕೈಗಳ ನಡುವಣ ಅಕ್ಷಕ್ಕೆ ಅದು ಸಮೀಪದಲ್ಲೇ ಇರುವುದರಿಂದ ಬೀಸುವ ಕೈಗೆ ಅದರ ಇರವೇ ತಿಳಿಯುತ್ತಿರಲಿಲ್ಲ. ಹುಡುಗನು ತನ್ನ ದಾಂಡನ್ನು ಅರಿಯದೆ ಇನ್ನೂ ಭಾರವಾದ ಬೇರೊಂದು ದಾಂಡನ್ನಾಗಿ ಮಾಡಿಕೊಂಡಿದ್ದನು.

ಹಾಗಾದರೆ ಭಾರದಿಂದ ಲಾಭವೇ ಇಲ್ಲವೆ? ಇದೆ, ಆದರೆ ನಾವೆಣಿಸುವಷ್ಟಿಲ್ಲ. ಚೆಂಡು ದಾಂಡಿಗೆ ತಾಗಿರುವ ಕಾಲ ಸುಮಾರು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗ. ಅಷ್ಟರಲ್ಲಿ ಕೈಗಳು ಮಾಡಬಲ್ಲದ್ದು ಏನೂ ಇಲ್ಲವೆನ್ನಬಹುದು. ಆ ಕ್ಷಣದ ಮಟ್ಟಿಗೆ ದಾಂಡು ಗಾಳಿಯಲ್ಲಿ ತೇಲುವ ಬಿಡಿ ವಸ್ತುವಿನಂತೆ ವರ್ತಿಸುತ್ತದೆ. ಹಿಡಿಯನ್ನು ಹಿಚುಕಿ ಹಿಡಿದ ಮಾತ್ರಕ್ಕೆ ಚೆಂಡು ಹೆಚ್ಚು ದೂರ ಹೋಗುವುದಿಲ್ಲ. ಇಂತಹ ಬಿಡಿ ದಾಂಡಿನಲ್ಲಿ, ಪೆಟ್ಟು ಬಿದ್ದ ಸ್ಥಳವು ಗುರುತ್ವಕೇಂದ್ರದಿಂದ ದೂರ ಸರಿದಷ್ಟೂ ಚೆಂಡಿಗೆ ಎದುರಾಗುವ ಪರಿಣಾಮಕ ದ್ರವ್ಯರಾಶಿ ಕಡಿಮೆಯಾಗುತ್ತ ಹೋಗುತ್ತದೆ. ನಮ್ಮ ಮೊದಲನೆಯ ದಾಂಡಿನಲ್ಲಿ ತುದಿಯಿಂದ 18.6 ಸೆಂಟಿಮೀಟರು ಮೇಲೆ ಅದು 0.86 ಕಿಲೋಗ್ರಾಂ, ತೀರ ತುದಿಯಲ್ಲಿ 0.4 ಕಿಲೋಗ್ರಾಮೂ ಇಲ್ಲ. ತುದಿಗೆ ತಾಗಿದ ಚೆಂಡು ಸತ್ತಂತೆ ಬೀಳುವುದು ಇದರಿಂದಲೇ.

ಚೆಂಡಿನ ದ್ರವ್ಯರಾಶಿ 0.16 ಕಿಲೋಗ್ರಾಂ, ಪುಟಿಯುವಿಕೆಯ ಗುಣಾಂಕ ಸುಮಾರು ಅರ್ಧ ಎಂದು ಹಿಡಿಯೋಣ. ಚೆಂಡು ಸೆಕೆಂಡಿಗೆ 25 ಮೀಟರು ವೇಗದಿಂದ ಬಂದು, ದಾಂಡಿನ ಆ ಭಾಗವು 20 ಮೀಟರು ವೇಗದಿಂದ ಅದನ್ನು ಎದುರಿಸಿದರೆ, ಆವೇಗ ಸಂರಕ್ಷಣೆಯ ನಿಯಮದಂತೆ ಚೆಂಡು ಸುಮಾರು 32 ಮೀಟರು ವೇಗದಿಂದ ಹಿಂದಿರುಗುತ್ತದೆ. ಪರಿಣಾಮಕ ದ್ರವ್ಯರಾಶಿಯನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿ, ಬೀಸುವ ವೇಗವನ್ನು ಹಾಗೆಯೇ ಉಳಿಸಿಕೊಂಡರೆ 32.8 ಮೀಟರು. ಗಳಿಕೆ ಒಂದು ಮೀಟರಿಗೂ ಕಡಿಮೆ. ಆದರೆ ಭಾರ ಹೆಚ್ಚಿದುದರಿಂದ ಬೀಸುವ ವೇಗವು ನೂರಕ್ಕೆ ಮೂರರಷ್ಟು ಕುಂದಿತೆನ್ನಿರಿ, ಅಂದರೆ 20ರ ಬದಲು 19.4 ಮೀಟರು. ಆಗ ಉತ್ತರವು ಮತ್ತೆ 32! ಕಾಲೇಜಿನ ವಾಚಕರು ಈ ಲೆಕ್ಕವನ್ನು ಕಾಗದದ ಮೇಲೆ ತಾವೇ ಮಾಡಿ ನೋಡಬೇಕು. ವೇಗವು ಮೂರಕ್ಕಿಂತ ಕಡಿಮೆ ಕುಂದುವ ಬಲಶಾಲಿಗೆ ಭಾರದ ದಾಂಡು ಲಾಭ. ಅದಕ್ಕಿಂತ ಹೆಚ್ಚು ಕುಂದುವವನಿಗೆ ನಷ್ಟ. ಇದಲ್ಲದೆ, ಬೌಲರನ ಕೈಯಿಂದ ಹೊರಟ ಚೆಂಡು ಈ ವೇಗದಲ್ಲಿ ದಾಂಡಿಗನನ್ನು ಮುಟ್ಟಲು ಮುಕ್ಕಾಲು ಸೆಕೆಂಡೂ ಹಿಡಿಯುವುದಿಲ್ಲ. ಅಷ್ಟರಲ್ಲಿ ನೋಡಿ, ನಿರ್ಧರಿಸಿ, ಬೇಕಾದರೆ ನಿರ್ಧಾರವನ್ನು ಬದಲಿಸಿ, ದಾಂಡನ್ನು ತರಬೇಕು. ತಡವಾಗಿ ಬಂದ ದಾಂಡಿನ ಪರಿಣಾಮಕ ದ್ರವ್ಯರಾಶಿಯನ್ನು ಯಾರೂ ಕೇಳುವುದಿಲ್ಲ.

ನಮ್ಮವರೇ ಆದ ಭದ್ರಾವತಿಯ ಗುಂಡಪ್ಪ ವಿಶ್ವನಾಥರನ್ನು ಇಲ್ಲಿ ನೆನೆಯಬೇಕು. 1969ರಲ್ಲಿ ಕಾನ್ಪುರದಲ್ಲಿ ತಮ್ಮ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾಗಿ, ಎರಡನೆಯದರಲ್ಲಿ 137 ಓಟಗಳನ್ನು ಗಳಿಸಿದವರು ಅವರು. ಎತ್ತರ ಐದೂಕಾಲು ಅಡಿಯ ಆಸುಪಾಸು. ಆ ಮೈಕಟ್ಟಿನಿಂದ ಅವರ ಚೌಕ ಹೊಡೆತಗಳು ಗೆರೆ ದಾಟುತ್ತಿದ್ದುದು ಮುಂಗೈಯ ವೇಗದಿಂದಲೂ ಕಾಲಪ್ರಜ್ಞೆಯಿಂದಲೂ.

ಇನ್ನು ಕೈ ಜುಮ್ಮೆನ್ನುವ ವಿಷಯ. ಇದರಲ್ಲಿ ಎರಡು ಸಂಗತಿಗಳು ಬೆರೆತಿವೆ. ಮೊದಲನೆಯದು, ಲೋಲಕದ ಪ್ರಯೋಗದಲ್ಲಿ ದೊರೆತ ಆ ಉದ್ದ. ಕಡ್ಡಿಯಿಂದ ಅಷ್ಟು ದೂರದಲ್ಲಿರುವ ಬಿಂದುವಿಗೆ ಆಘಾತ ಕೇಂದ್ರವೆನ್ನುತ್ತಾರೆ. ಡಚ್ ವಿಜ್ಞಾನಿ ಹೈಗನ್ಸನು 1673ರಲ್ಲಿ ಪ್ರಕಟಿಸಿದ ಲೋಲಕ ಗಡಿಯಾರದ ಗ್ರಂಥದಲ್ಲಿ ಇದರ ಗಣಿತವಿದೆ. ಅಲ್ಲಿ ಪೆಟ್ಟು ಬಿದ್ದರೆ ಕಡ್ಡಿಯಿದ್ದ ಸ್ಥಳವು, ಅಂದರೆ ನಿಮ್ಮ ಕೈಗಳ ನಡುಭಾಗವು, ಹಿಂದಕ್ಕೂ ಎಳೆಯಲ್ಪಡುವುದಿಲ್ಲ, ಮುಂದಕ್ಕೂ ತಳ್ಳಲ್ಪಡುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಅದು ತುದಿಯಿಂದ 18.6 ಸೆಂಟಿಮೀಟರು ಮೇಲಿದೆ. ಆ ಸ್ಥಳವನ್ನು ಸುಮ್ಮನೆ ಆರಿಸಿದುದಲ್ಲ.

ಎರಡನೆಯದು ಕಂಪನ. ಇದಕ್ಕೆ ಹಂಪಿಯ ವಿಠ್ಠಲ ದೇವಾಲಯಕ್ಕಿಂತ ಒಳ್ಳೆಯ ಪಾಠಶಾಲೆ ನಮಗೆ ತಿಳಿದಿಲ್ಲ. ಅಲ್ಲಿಯ ಮಹಾಮಂಟಪದ ಸಂಗೀತಸ್ತಂಭಗಳು ಬಡಿದರೆ ನಾದಗೈಯುವುದನ್ನು ಕುರಿತು ಒಂದು ಕಾಲದಲ್ಲಿ ಎಷ್ಟೋ ಕಥೆಗಳಿದ್ದುವು. ಕಂಬಗಳ ಒಳಗೆ ಟೊಳ್ಳಿದೆ ಎಂಬುದು ಅವುಗಳಲ್ಲೊಂದು. ಕಲ್ಪಾಕ್ಕಮಿನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಂಬಗಳಿಗೆ ಹಾನಿಯಾಗದ ವಿಧಾನಗಳಿಂದ ಪರೀಕ್ಷಿಸಿ, 2008ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಕಂಬಗಳು ಗಟ್ಟಿ ಕಲ್ಲೇ. ನಾದವು ಹುಟ್ಟುವುದು ತೆಳುವಾದ ಕಂಬವು ಬಡಿತಕ್ಕೆ ಬಾಗಿ ಬಾಗಿ ಕಂಪಿಸುವುದರಿಂದ. ಕ್ರಿಕೆಟ್ ದಾಂಡೂ ಹೀಗೆಯೇ ಬಾಗಿ ಕಂಪಿಸುತ್ತದೆ. ಕಲ್ಲಿನ ಕಂಬದ ಎರಡು ಕೊನೆಗಳನ್ನೂ ಬಂಧಿಸಿದೆ, ದಾಂಡಿನ ಕೊನೆಗಳು ಬಿಡುವಾಗಿವೆ, ಅಷ್ಟೇ ವ್ಯತ್ಯಾಸ. ಹೀಗೆ ಬಿಡುವಾದ ದಂಡವು ಕಂಪಿಸುವಾಗ ಅದರ ಎರಡು ಸ್ಥಳಗಳು ಮಾತ್ರ ಅಲುಗದೆ ನಿಲ್ಲುತ್ತವೆ. ಇವು ನಿಸ್ಪಂದ ಬಿಂದುಗಳು. ಒಂದು ಹಿಡಿಯಲ್ಲಿ, ಇನ್ನೊಂದು ಅಲಗಿನಲ್ಲಿ. ಅಲಗಿನ ನಿಸ್ಪಂದ ಬಿಂದುವಿನಲ್ಲಿಯೇ ಚೆಂಡು ತಾಗಿದರೆ ಆ ಕಂಪನವು ಏಳುವುದೇ ಇಲ್ಲ. ಚೆಂಡಿನ ಶಕ್ತಿಯು ಕಂಪನಕ್ಕೆ ಪೋಲಾಗದೆ ಚೆಂಡಿಗೇ ಹಿಂದಿರುಗುತ್ತದೆ, ಕೈಗೂ ನೋವಿಲ್ಲ.

ಸ್ತಂಭಗಳನ್ನು ಬಡಿಯುವುದು ಈಗ ನಿಷಿದ್ಧ. ಆದುದರಿಂದ ವಿದ್ಯಾರ್ಥಿಗಳು ಹಂಪಿಯಲ್ಲಿ ಕಣ್ಣಿಗಷ್ಟೇ ಕೆಲಸ ಕೊಟ್ಟು, ಮನೆಗೆ ಬಂದು ದಾಂಡನ್ನು ಬಡಿಯಲಿ. ಹಿಡಿಯ ತಲೆಯನ್ನು ಎರಡೇ ಬೆರಳುಗಳಿಂದ ಸಡಿಲವಾಗಿ ಹಿಡಿದು ತೂಗುಬಿಡಿರಿ. ಗೆಳೆಯನೊಬ್ಬನು ಹಳೆಯ ಚೆಂಡಿನಿಂದ ತುದಿಯಿಂದ ಮೊದಲ್ಗೊಂಡು ಒಂದೊಂದು ಅಂಗುಲ ಮೇಲಕ್ಕೆ ಸರಿಯುತ್ತ ಮೆಲ್ಲನೆ ತಟ್ಟಲಿ. ಬೆರಳಿಗೆ ಜುಮ್ಮೆನಿಸುವುದು ಕ್ರಮೇಣ ಕಡಿಮೆಯಾಗಿ, ಒಂದು ಸ್ಥಳದಲ್ಲಿ ಇಲ್ಲವೇ ಇಲ್ಲವೆನ್ನುವಂತಾಗಿ, ಮತ್ತೆ ಹೆಚ್ಚುವುದು ತಿಳಿಯುತ್ತದೆ, ಸದ್ದೂ ಬದಲಾಗುತ್ತದೆ. ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿರಿ. ಆಘಾತ ಕೇಂದ್ರವೂ ಈ ಬಿಂದುವೂ ಸಾಮಾನ್ಯವಾಗಿ ಒಂದರ ಸಮೀಪ ಇನ್ನೊಂದು ಇರುತ್ತವೆ, ಆದರೆ ಒಂದೇ ಅಲ್ಲ. ಎರಡರ ನೆರೆಯ ಆ ಮೂರು ನಾಲ್ಕು ಅಂಗುಲಗಳೇ ಆಟಗಾರರು ದಾಂಡಿನ ‘ನಡು’ ಎಂದು ಕರೆಯುವ ಪ್ರದೇಶ.

ಈ ನಡು ಎಷ್ಟು ಎತ್ತರದಲ್ಲಿರಬೇಕೆಂಬುದು ನೀವು ಆಡುವ ನೆಲವನ್ನು ಅವಲಂಬಿಸುತ್ತದೆ. ಕಂಪ್ಲಿಯ ಸುತ್ತ ಕೊಯಿಲಾದ ಗದ್ದೆಯ ಎರೆನೆಲದಲ್ಲಿ ಚೆಂಡು ಮೊಳಕಾಲಿಗಿಂತ ಮೇಲೇಳುವುದೇ ಅಪರೂಪ. ಅಲ್ಲಿ ನಡು ಕೆಳಗಿರುವ ದಾಂಡು ಒಳ್ಳೆಯದು. ಸಂಡೂರಿನ ಗಟ್ಟಿಯಾದ ಕೆಂಪುನೆಲದಲ್ಲಿ, ಅಥವಾ ಚಾಪೆ ಹಾಸಿದ ಅಂಕಣದಲ್ಲಿ, ಚೆಂಡು ಸೊಂಟದವರೆಗೆ ಏಳುತ್ತದೆ. ಅಲ್ಲಿ ಉಬ್ಬು ಮೇಲಿರುವ ದಾಂಡನ್ನು ಹಿಡಿಯಬೇಕು, ಅದು ಬೀಸಲೂ ಹಗುರ. ಎರಡೂ ಕಡೆ ಆಡುವವನು ನಡುವಣ ದಾರಿಯನ್ನು ಹಿಡಿಯಲಿ.

ಇದುವರೆಗೆ ಹೇಳಿದುದು ಚೆಂಡು ಅಲಗಿನ ಮಧ್ಯರೇಖೆಯ ಮೇಲೆ ಬಿದ್ದಾಗಿನ ಮಾತು. ಅಂಚಿನ ಕಡೆ ಬಿದ್ದರೆ ದಾಂಡು ತನ್ನ ಉದ್ದದ ಅಕ್ಷದ ಸುತ್ತ ತಿರುಚಿಕೊಳ್ಳುತ್ತದೆ. ಇದನ್ನು ತಡೆಯುವುದು ಆ ಅಕ್ಷದ ಸುತ್ತಣ ಜಡತ್ವ ಭ್ರಾಮಕ. ಅಂಚು ದಪ್ಪವಾದಷ್ಟೂ ಅದು ಹೆಚ್ಚು. ಇದೇ ತತ್ತ್ವವನ್ನು ಇನ್ನೊಂದು ಆಟದಲ್ಲಿ ಬಹಳ ಜಾಣತನದಿಂದ ಬಳಸಿದ್ದಾರೆ. ಗಾಲ್ಫ್ ಆಟದಲ್ಲಿ ಚೆಂಡನ್ನು ಕುಳಿಯ ಕಡೆಗೆ ಉರುಳಿಸುವ ಕೋಲಿಗೆ ಪಟ್ಟರ್ ಎಂದು ಹೆಸರು. ಅಮೆರಿಕದ ಕಾರ್ಸ್ಟನ್ ಸೋಲ್ಹೈಮ್ ಎಂಬ ಇಂಜಿನಿಯರನು 1959ರಲ್ಲಿ ಅದರ ತಲೆಯ ಲೋಹವನ್ನು ನಡುವಿನಿಂದ ತೆಗೆದು ಎರಡು ಕೊನೆಗಳಿಗೆ ಹಂಚಿ ಹೊಸ ಪಟ್ಟರನ್ನು ಮಾಡಿದನು. ತೂಕ ಹೆಚ್ಚಲಿಲ್ಲ, ಆದರೆ ಚೆಂಡು ನಡುವಿನಿಂದ ಸ್ವಲ್ಪ ಆಚೀಚೆ ತಾಗಿದರೂ ತಲೆಯು ತಿರುಚಿಕೊಳ್ಳುವುದು ಕಡಿಮೆಯಾಯಿತು. ಪಟ್ಟರನ್ನು ಆರಿಸುವವರು ಮಾಡುವ ಪರೀಕ್ಷೆಯೂ ಸೊಗಸಾಗಿದೆ: ಕೋಲನ್ನು ಬೆರಳ ಮೇಲೆ ಅಡ್ಡಲಾಗಿ ತೂಗಿಸುತ್ತಾರೆ. ತಲೆಯ ಮುಖವು ಆಕಾಶವನ್ನು ನೋಡಿದರೆ ಅದು ನೇರವಾಗಿ ಹಿಂದೆ ಮುಂದೆ ತೂಗುವ ಕೈಗೆ ಒಪ್ಪುತ್ತದೆ. ತುದಿ ಕೆಳಕ್ಕೆ ಜೋತರೆ, ಕಮಾನಿನಂತೆ ಬಳಸಿ ತೂಗುವ ಕೈಗೆ. ಇಲ್ಲಿಯೂ ಒಳ್ಳೆಯದು ಕೆಟ್ಟದು ಎಂಬುದಿಲ್ಲ, ಒಪ್ಪುವುದು ಒಪ್ಪದಿರುವುದು ಮಾತ್ರ ಇದೆ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕು ದಿನಗಳಲ್ಲಿ 269 ಹೊಡೆತಗಳಲ್ಲಿ ಆಟ ಮುಗಿಸಿ ನಾಲ್ಕನೆಯವರಾದರು. ಬೆಳ್ಳಿ ಕಂಚುಗಳನ್ನು ಪಡೆದವರದು 268. ಆ ಒಂದು ಹೊಡೆತದ ಬೆಲೆಯನ್ನು ಬಲ್ಲವರು ಪಟ್ಟರಿನ ತೂಕವನ್ನು ಗ್ರಾಂ ಲೆಕ್ಕದಲ್ಲಿ ಹಂಚುವುದರಲ್ಲಿ ಆಶ್ಚರ್ಯವೇನು?

ಮರದ ವಿಷಯವನ್ನು ಬೇಗ ಮುಗಿಸುತ್ತೇವೆ. ವಿಲ್ಲೋ ಮರವು ಹಗುರ, ಪೆಟ್ಟಿಗೆ ಸೀಳದೆ ತಗ್ಗುವ ಗುಣವುಳ್ಳದ್ದು. ಇಂಗ್ಲೆಂಡಿನದು ಹೆಚ್ಚು ಹಗುರ, ಬೆಲೆಯೂ ಹೆಚ್ಚು. ಕಾಶ್ಮೀರದ್ದು ಅಗ್ಗ, ಸ್ವಲ್ಪ ಭಾರ, ವಿದ್ಯಾರ್ಥಿಗಳಿಗೆ ಧಾರಾಳವಾಗಿ ಸಾಕು. ಹಿಡಿಯು ಬೆತ್ತದ್ದಾಗಿದ್ದು, ನಡುವೆ ರಬ್ಬರಿನ ಪಟ್ಟಿಗಳಿರುವುದು ಕಂಪನವನ್ನು ಹೀರಲು. ಅದನ್ನು ಬೆಣೆಯಂತೆ ಕೊರೆದು ಅಲಗಿಗೆ ಸೇರಿಸುವ ಈಗಿನ ಕ್ರಮವು 1880ರ ದಶಕದ್ದು. ಚಾರ್ಲ್ಸ್ ರಿಚರ್ಡ್‌ಸನ್ ಎಂಬ ರೈಲ್ವೆ ಇಂಜಿನಿಯರನ ಕೊಡುಗೆ.

ಅಂಗಡಿಯಲ್ಲಿ ಸೈಕಲ್ ಕಡ್ಡಿಯನ್ನು ಕಟ್ಟಲು ಬಿಡುವವರು ಕಡಿಮೆ. ಅಲ್ಲಿ ಹೀಗೆ ಮಾಡಬಹುದು. ನೆಟ್ಟಗೆ ನಿಂತು ದಾಂಡನ್ನು ಪಾದದ ಪಕ್ಕದಲ್ಲಿ ಊರಿರಿ. ಹಿಡಿಯ ತಲೆ ತೊಡೆಯ ಮೇಲ್ಭಾಗವನ್ನು ಮುಟ್ಟಿದರೆ ಉದ್ದ ಸರಿ. ಬಳಿಕ ಮೇಲುಗೈಯೊಂದರಿಂದಲೇ ದಾಂಡನ್ನು ಹಿಂದಕ್ಕೆತ್ತಿ, ನೇರ ಹೊಡೆತದಂತೆ ಹತ್ತು ಸಲ ಬೀಸಿರಿ. ಹತ್ತನೆಯದೂ ಮೊದಲನೆಯದರಂತೆ ನಿಮ್ಮ ಅಂಕೆಯಲ್ಲಿದ್ದರೆ ಅದು ನಿಮ್ಮದು. ಎಂಟನೆಯದಕ್ಕೆ ಮುಂಗೈ ಒರಗಿದರೆ ಎಷ್ಟೇ ಅಂದವಾಗಿದ್ದರೂ ಕೆಳಗಿಡಿರಿ. ಒಂದೇ ತೂಕದ ಎರಡು ದಾಂಡುಗಳಿದ್ದಲ್ಲಿ ಎರಡನ್ನೂ ಬೀಸದೆ ಒಂದನ್ನು ಕೊಳ್ಳಬೇಡಿರಿ. ಕೊಂಡ ಮೇಲೆ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ, ಮರದ ಸುತ್ತಿಗೆಯಿಂದ ಕೆಲವು ಗಂಟೆಗಳ ಕಾಲ ಮೆಲ್ಲಗೆ ಬಡಿದು ಹದಮಾಡದೆ ಗಟ್ಟಿ ಚೆಂಡಿಗೆ ಒಡ್ಡಬಾರದು.

ನಮ್ಮ ವಿದ್ಯಾರ್ಥಿಗೆ ಹೊಸ ದಾಂಡನ್ನು ಆರಿಸುವ ಭಾಗ್ಯವಿರಲಿಲ್ಲವಷ್ಟೆ. ಅಂದು ಸಂಜೆ ಪ್ರಯೋಗಶಾಲೆಯಲ್ಲಿ ಅಂಟುಪಟ್ಟಿಯನ್ನು ಪೂರ್ತಿ ಬಿಚ್ಚಿದೆವು. ತುದಿಗೆ ಒಂದೇ ಪದರದ ತೆಳುವಾದ ರಬ್ಬರನ್ನು ಅಂಟಿಸಿದೆವು. ಹಿಡಿಯನ್ನು ಒಂದೂವರೆ ಅಂಗುಲ ಕೆಳಗೆ ಹಿಡಿಯುವಂತೆ ಹೇಳಿದೆವು. ಅಕ್ಷವು ಅಲಗಿನ ಕಡೆಗೆ ಅಷ್ಟು ಸರಿದರೆ ಜಡತ್ವ ಭ್ರಾಮಕವು ಎಷ್ಟು ಇಳಿಯುತ್ತದೆಂಬ ಲೆಕ್ಕವನ್ನು ಅವನೇ ಮಾಡಿದನು. ಸಮಾಂತರ ಅಕ್ಷಗಳ ಪ್ರಮೇಯವು ಅವನಿಗೆ ಅದುವರೆಗೆ ಪರೀಕ್ಷೆಯ ಪ್ರಶ್ನೆಯಾಗಿತ್ತು. ಎರಡು ವಾರಗಳ ಮೇಲೆ ಅವನು ತಂಡಕ್ಕೆ ಆಯ್ಕೆಯಾದನು, ಆರನೆಯ ದಾಂಡಿಗನಾಗಿ. ಸೈಕಲ್ ಕಡ್ಡಿಯನ್ನು ಮಾತ್ರ ಇನ್ನೂ ಹಿಂದಕ್ಕೆ ಕೊಟ್ಟಿಲ್ಲ. ತಂಡದ ಉಳಿದ ದಾಂಡುಗಳನ್ನೆಲ್ಲ ತೂಗಿ ನೋಡುತ್ತಿದ್ದಾನಂತೆ.